ಕೋಟಿನ ಗುಂಡಿ ಹಾಕಿದವರು

ನೊಸಾಫೊ ಆ ಮನೆಗೆ ಸೊಸೆಯಾಗಿ ಬಂದ ದಿನ ಹೆಂಗಸರೆಲ್ಲ ಸೇರಿ ಅವಳ ತಲೆಗೆ ಕಪ್ಪು ವಸ್ತ್ರ ಕಟ್ಟಿದರು, ಹೆಗಲಿಗೆ ಶಾಲು ಹೊದಿಸಿದರು, ಚಾಪೆಯ ಮೇಲೆ ಕೂರಿಸಿ ಬುದ್ಧಿ ಹೇಳಿದರು. ಆ ಬುದ್ಧಿಮಾತಿನಲ್ಲಿ ಮುಕ್ಕಾಲು ಪಾಲು ಮಾವನ ವಿಷಯವೇ. ಮಾವನ ಎದುರು ಬರಿದಲೆಯಲ್ಲಿ ನಿಲ್ಲಬಾರದು. ದುಂಡು ಮನೆಯ ಬಲಗಡೆ ಮಾವ ಕೂರುವ ಜಾಗ. ಆ ಕಡೆ ಸೊಸೆ ಕಾಲಿಡಬಾರದು. ಮಾವನ ಕೈ ಮುಟ್ಟಬಾರದು, ಮುಖ ಎತ್ತಿ ನೋಡಬಾರದು. ಮಾವನ ಮೈಯ ಸಂಗತಿಯನ್ನು ಯಾರ ಮುಂದೆಯೂ ಬಾಯಿ ಬಿಡಬಾರದು. ಎಲ್ಲಕ್ಕೂ ಅವಳು ತಲೆಯಾಡಿಸಿದಳು. ಆ ಮಾವನಿಗೆ ಒಂದು ದಿನ ಲಕ್ವ ಹೊಡೆದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಈ ಕಟ್ಟಳೆಗಳನ್ನು ಮಾಡಿದವರು ತಾವು ಗಟ್ಟಿಮುಟ್ಟಾಗಿದ್ದಾಗಲೇ ಮಾಡಿ ಮುಗಿಸಿರಬೇಕು.

ಮಾವನ ಹೆಸರು ಫಾಕಮಿಲೆ. ಊರವರು ಕುಲದ ಹೆಸರು ಹಿಡಿದು ಭೆಲೆ ಎಂದೇ ಕರೆಯುತ್ತಿದ್ದರು. ಕುರಿಯ ಉಣ್ಣೆ ಕತ್ತರಿಸುವುದು ಅವರ ಕಸುಬು. ಚಳಿ ಹಿಂದೆಗೆಯುತ್ತಿದ್ದಂತೆ ಒಂದಷ್ಟು ಗಂಡಸರನ್ನು ಕಟ್ಟಿಕೊಂಡು ಕರೂ ಎಂಬ ಒಣ ಬಯಲುಸೀಮೆಯ ದೊಡ್ಡ ಜಮೀನುಗಳಿಗೆ ಹೋಗುತ್ತಿದ್ದರು. ಯಂತ್ರ ಮುಟ್ಟಿದವರಲ್ಲ. ಕೈಗತ್ತರಿಯಲ್ಲೇ, ಕುರಿಯ ಮೈಗೆ ಒಂದು ಗೀರೂ ಬೀಳದಂತೆ, ಉಣ್ಣೆಯನ್ನು ಇಡಿಯಾಗಿ ಬಿಡಿಸಿ ಪಕ್ಕಕ್ಕಿಡುತ್ತಿದ್ದರು. ಲಕ್ವ ಹೊಡೆದ ಮೇಲೆ ಆ ಬಲಗೈ ಈಗ ಮುಷ್ಟಿ ಬಿಗಿದು ಎದೆಗೆ ಅಂಟಿಕೊಂಡು ಕೂತಿತ್ತು. ಬಲಗಾಲನ್ನು ಎಳೆದುಕೊಂಡು, ಎಡಗೈಯಲ್ಲಿ ಕೋಲೂರಿ, ದನದ ದೊಡ್ಡಿಯವರೆಗೆ ಹೋಗಿ ಬಂದರೆ ಅದೇ ದೊಡ್ಡ ಪ್ರಯಾಣ.

ನೋಡಿಕೊಳ್ಳುವವರು ಯಾರು? ಹೆಂಡತಿ ಎಂದೋ ತೀರಿಕೊಂಡಿದ್ದಳು. ಮಗ ಲುಂಗಿಲೆ, ನೊಸಾಫೊವಿನ ಗಂಡ, ದೂರದ ಪ್ಲಾಟಿನಂ ಗಣಿಯಲ್ಲಿ. ಕ್ರಿಸ್‌ಮಸ್‌ಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೊದಮೊದಲು ಮಾವನ ಅಕ್ಕ ನೊಮಾಲಿಝೊ ಗುಡ್ಡ ಇಳಿದು ಬಂದು ತಮ್ಮನಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದಳು. ನೊಸಾಫೊ ಅವಳನ್ನು ಅತ್ತೆ ಎನ್ನುತ್ತಿದ್ದಳು. ಅತ್ತೆಯ ಬಾಯಿ ಮಾತ್ರ ಮೂರು ಊರಿಗೆ ಕೇಳಿಸುವಂಥದ್ದು.

"ಲೋ, ಚಿಕ್ಕವನಿದ್ದಾಗ ನೀರು ಕಂಡ್ರೆ ಗುಡ್ಡ ಹತ್ತಿ ಓಡ್ತಿದ್ದೆ. ಈಗ ಓಡು ನೋಡೋಣ" ಎಂದು ಅವಳು ತಮ್ಮನ ಬೆನ್ನಿಗೆ ನೀರು ಸುರಿಯುವಾಗ ಒಳಗಿನಿಂದ ಮಾವನ ನಗುವೂ ಕೇಳಿಸುತ್ತಿತ್ತು. ಅಕ್ಕನ ಮುಂದೆ ತಮ್ಮನಿಗೆ ಎಂಥ ನಾಚಿಕೆ.

ಚಳಿಗಾಲ ಬಂದು ಅತ್ತೆಯ ಮಂಡಿಗಳು ಹಿಡಿದುಕೊಂಡವು. ನಾಳೆ ಬರ್ತೀನಿ ಅಂದವಳು ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಮಾವ ಯಾರನ್ನೂ ಏನೂ ಕೇಳಲಿಲ್ಲ. ಕೋಣೆಯ ವಾಸನೆಯೇ ಹೇಳತೊಡಗಿತು. ಒಂದು ಸಂಜೆ ನೊಸಾಫೊ ನೀರು ಕಾಯಿಸಿ, ಬೇಸಿನ್ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮಿದಳು. ಮಾವ ಬೇಸಿನ್ ನೋಡಿದರು, ಅವಳ ಪಾದ ನೋಡಿದರು, ಗೋಡೆಯ ಕಡೆ ಹೊರಳಿ ಮಲಗಿದರು. ಅವಳು ಕಂಬಳಿ ತೆಗೆಯದೆ, ಅದರ ಅಡಿಯಲ್ಲೇ ಕೈಯಾಡಿಸಿ, ಕಣ್ಣನ್ನು ನೆಲಕ್ಕೆ ನೆಟ್ಟುಕೊಂಡು ಮೈ ಒರೆಸಿದಳು. ಆಮೇಲೆ ಬೇಸಿನ್ನಿನ ನೀರನ್ನು ಯಾರಿಗೂ ಕಾಣದಂತೆ ಮನೆಯ ಹಿಂದೆ ಚೆಲ್ಲಿ ಬಂದಳು.

ಕೆಲವು ದಿನ ಕಳೆದ ಮೇಲೆ ಮಾವ ಗೋಡೆಯ ಜೊತೆ ಮಾತಾಡಲು ಶುರು ಮಾಡಿದರು. ಹೊಸದಾಗಿ ಕಸುಬು ಕಲಿಯುವ ಯಾರೋ ಗೋಡೆಯೊಳಗೆ ಕೂತಿದ್ದಾನೇನೋ ಎಂಬಂತೆ.

"ಕುರೀನ ಮೊದಲು ಕುಂಡಿ ಮೇಲೆ ಕೂರಿಸ್ಬೇಕು. ಕಾಲು ನೆಲ ಬಿಟ್ಟ ಮೇಲೆ ಅದು ಒದೆಯಲ್ಲ, ಸುಮ್ಮನಾಗ್ಬಿಡುತ್ತೆ. ಆಮೇಲೆ ಹೊಟ್ಟೆ ಕಡೆಯಿಂದ ಶುರು ಮಾಡ್ಬೇಕು. ನಿಧಾನ. ಆತುರಪಟ್ರೆ ಚರ್ಮ ಹೋಗುತ್ತೆ."

ನೊಸಾಫೊ ಉತ್ತರ ಕೊಡುತ್ತಿರಲಿಲ್ಲ. ಮಾತು ಅವಳಿಗಲ್ಲ, ಗೋಡೆಗೆ. ಮಾವನಿಗೆ ಸ್ನಾನ ಆಗುತ್ತಿತ್ತು, ಆದರೆ ಮಾಡಿಸುವವರು ಯಾರೂ ಇರಲಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ಅತ್ತೆಯೇ ಮಾಡಿಸುತ್ತಾಳೆಂದು ಇವಳು ಹೇಳುತ್ತಿದ್ದಳು. ಅತ್ತೆಯೂ ಹೌದೆಂದು ಎದೆ ತಟ್ಟಿಕೊಳ್ಳುತ್ತಿದ್ದಳು. ಇಬ್ಬರು ಮರ್ಯಾದಸ್ಥರು ಕೂಡಿ ಕಟ್ಟಿದ ಸುಳ್ಳು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂದರೆ, ಬೇಕೆಂದಾಗ ಅದನ್ನು ಕೆಡವಲು ಕಟ್ಟಿದವರಿಗೇ ಆಗುವುದಿಲ್ಲ.

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದು ಆ ಕೈಗಾಗಿ. ಪಟ್ಟಣದ ಆಸ್ಪತ್ರೆಯಲ್ಲಿ ಲಕ್ವ ಹೊಡೆದವರ ಕೈಕಾಲಿಗೆ ವ್ಯಾಯಾಮ ಮಾಡಿಸುವ ಹೆಂಗಸು ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, "ಇದು ಇನ್ನೂ ಸತ್ತಿಲ್ಲ. ವಾರವಾರ ಕರ್ಕೊಂಡು ಬಂದ್ರೆ ತೆರ್ಕೊಳ್ಳುತ್ತೆ. ಆದ್ರೆ ಲಕ್ವ ಹೊಡೆದು ವರ್ಷ ತುಂಬೋದ್ರೊಳಗೆ ಆಗ್ಬೇಕು. ಆಮೇಲೆ ನರ ಎಳ್ಕೊಂಡು ಗಟ್ಟಿಯಾಗ್ಬಿಟ್ರೆ ನಾನೂ ಏನೂ ಮಾಡಕ್ಕಾಗಲ್ಲ" ಎಂದಿದ್ದಳು. ಆಸ್ಪತ್ರೆಗೆ ಟ್ಯಾಕ್ಸಿ ವ್ಯಾನಿನಲ್ಲಿ ಅರ್ಧ ದಿನದ ದಾರಿ. ವಾರವಾರ ಹೋಗಿ ಬರುವಷ್ಟು ದುಡ್ಡು ಮಗ ಕಳಿಸುತ್ತಿರಲಿಲ್ಲ. ಮಾಸಾಶನ ಬಂದರೆ ಕೈ ಉಳಿಯುತ್ತದೆ, ಬರದಿದ್ದರೆ ಹೋಗುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು.

ಅರ್ಜಿಯ ಮೇಲೆ ಪರೀಕ್ಷೆ ಮಾಡಲು ಡಾಕ್ಟರು ಕರೆದ ದಿನ ಮಾವ ತಮ್ಮ ಒಳ್ಳೆಯ ಕೋಟು ಕೇಳಿದರು. ಕಚೇರಿಗೆ ಹೋಗುವಾಗ ಹರಕು ಬಟ್ಟೆ ಹಾಕಿಕೊಂಡು ಹೋಗುವವರು ಯಾರಿದ್ದಾರೆ? ನೊಸಾಫೊ ಅಂಗಿ ತೊಡಿಸಿ, ಕೋಟು ತೊಡಿಸಿ, ಗುಂಡಿ ಹಾಕಿ, ಬೂಟಿನ ಲೇಸು ಕಟ್ಟಿದಳು. ಬಟ್ಟೆ ಯಾರು ಹಾಕುತ್ತಾರೆ ಎಂದು ಡಾಕ್ಟರು ಕೇಳಿದಾಗ, ಬಾಗಿಲ ಬಳಿ ಸೊಸೆ ನಿಂತಿರುವಾಗ, ಮಾವ ಇನ್ನೇನು ಹೇಳಿಯಾರು? ನಾನೇ ಎಂದರು. ಅರ್ಜಿ ತಿರಸ್ಕಾರವಾಯಿತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಕೊಲೇಕಾ ಎಂಬವಳು ಊರವರ ಕಾಗದಪತ್ರ ನೋಡಿಕೊಡುತ್ತಿದ್ದಳು. ಸಂಬಳ ಇಲ್ಲ, ಸಿಟ್ಟು ಬೇಕಾದಷ್ಟು. ನೊಸಾಫೊ ತಂದ ಪತ್ರವನ್ನು ಅವಳು ಓದಿ ಮೇಜಿನ ಮೇಲೆ ಕುಕ್ಕಿದಳು.

"ಅರ್ಜಿದಾರರು ಬಟ್ಟೆ ತಾವೇ ಹಾಕ್ಕೋತಾರೆ, ಗುಂಡಿ ತಾವೇ ಹಾಕ್ಕೋತಾರೆ, ಅದಕ್ಕೆ ಹಗುರ ಕೆಲಸ ಮಾಡಬಲ್ಲರು ಅಂತ ಬರೆದಿದ್ದಾರೆ. ಯಾರಮ್ಮ ಇದನ್ನ ಹೇಳಿದ್ದು?"

"ಮಾವನೇ ಹೇಳಿದ್ರು."

"ನಿಜವಾಗ್ಲೂ ಹಾಕೋರು ಯಾರು?"

ನೊಸಾಫೊ ಶಾಲಿನ ಅಂಚು ಸರಿಪಡಿಸಿಕೊಂಡಳು. ಇನ್ನೊಮ್ಮೆ ಸರಿಪಡಿಸಿಕೊಂಡಳು.

"ನನ್ನ ಹತ್ರ ಹೇಳಕ್ಕೇ ಇಷ್ಟು ಹೊತ್ತು ಬೇಕಾ ನಿಂಗೆ?" ಎಂದಳು ಕೊಲೇಕಾ. "ಕೇಳಿಲ್ಲಿ. ಮೇಲ್ಮನವಿ ಹಾಕ್ತೀನಿ. ಮೂರು ಜನ ಕೂತು ಕೇಳ್ತಾರೆ. ಡಾಕ್ಟ್ರು ಬರೆದಿದ್ದೇ ಸತ್ಯ ಅಂತ ಅವರು ಒಪ್ಪಬೇಕಾಗಿಲ್ಲ. ಆದ್ರೆ ಸುಳ್ಳು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕಲ್ಲ. ನಾನೇ ಸ್ನಾನ ಮಾಡಿಸ್ತೀನಿ, ಬಟ್ಟೆ ಹಾಕೋದೂ ನಾನೇ. ಅಷ್ಟು ಹೇಳಿದ್ರೆ ಸಾಕು. ಎಲ್ಲಿ, ಹೇಳು ನೋಡೋಣ."

ನೊಸಾಫೊ ಹೇಳಿದಳು.

"ಹೂಂ, ನೆಲಕ್ಕೆ ಕೇಳಿಸ್ತು. ಈಗ ನನಗೆ ಹೇಳು."

"ಅತ್ತೆ ಬಂದು ಹೇಳಿದ್ರೆ ಆಗಲ್ವಾ ಅಕ್ಕ? ಅವರಾದ್ರೆ ಒಡಹುಟ್ಟಿದೋರು."

"ವ್ಯಾನ್ ಹತ್ತಕ್ಕೆ ನಾಲ್ಕು ಜನ ಎತ್ತಬೇಕು ಆ ಮುದುಕೀನ. ಅವಳು ಗುಡ್ಡ ಇಳಿದು ಬಂದು ಸ್ನಾನ ಮಾಡಿಸ್ತಾಳೆ ಅಂದ್ರೆ ಅವರು ನಗ್ತಾರೆ. ನೀನೇ ಹೇಳ್ಬೇಕು. ನಿಮ್ಮ ಮಾವನ ಕೈ ಬೇಕೋ ಬೇಡವೋ?"

ಬೇಕು ಎಂದಳು ನೊಸಾಫೊ. ಅದು ಅವಳು ಮನಸಾರೆ ಹೇಳಿದ ಮಾತು. ಲುಂಗಿಲೆ ಮದುವೆಯಾದ ಹೊಸದರಲ್ಲೇ ಅವಳನ್ನು ಬಿಟ್ಟು ಗಣಿಗೆ ಹೋದಾಗ, ಈ ಹುಡುಗಿಗೆ ಬೇಸರ ಆಗಬಾರದೆಂದು ಅವಳ ತಂಗಿಯನ್ನು ತಿಂಗಳುಗಟ್ಟಲೆ ಮನೆಯಲ್ಲಿ ಇರಿಸಿಕೊಂಡವರು ಮಾವ. ಮನೆಗೆ ಬಂದ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಂತೆ, ಕುಟುಂಬವನ್ನು ಕಟ್ಟುವವಳು ಎಂಬ ಅರ್ಥದ ನೊಸಾಫೊ ಎಂಬ ಹೆಸರು ಇಟ್ಟವರೂ ಅವರೇ. ಮನೆಯ ದಾರಿಯುದ್ದಕ್ಕೂ ಅವಳು ಕೊಲೇಕಾ ಹೇಳಿಕೊಟ್ಟ ಮಾತನ್ನು ಕಲಿತಳು. ಮೇಯುತ್ತಿದ್ದ ಆಡುಗಳಿಗೆ ಹೇಳಿದಳು. ಜೋಳದ ನುಚ್ಚು ಬೇಯುತ್ತಿದ್ದ ಪಾತ್ರೆಗೆ ಹೇಳಿದಳು. ಪಾತ್ರೆಗೆ ಹೇಳುವಾಗ ದನಿ ಚೆನ್ನಾಗಿಯೇ ಬರುತ್ತಿತ್ತು.

ವಿಚಾರಣೆಯ ಬೆಳಿಗ್ಗೆ ಮಾವ ಮತ್ತೆ ಅದೇ ಕೋಟು ಕೇಳಿದರು. ಬೇಡ, ಹಳೆ ಸ್ವೆಟರ್ ಹಾಕಿಸು ಎಂದು ಕೊಲೇಕಾ ಹೇಳಿದ್ದಳು. ಮಾವ ಕೋಟು ಎಂದ ಮೇಲೆ ಸ್ವೆಟರ್ ತರುವುದು ಹೇಗೆ? ಅವಳು ತಲೆ ಬಗ್ಗಿಸಿ ಗುಂಡಿ ಹಾಕುವಾಗ ಮಾವ ಅವಳ ತಲೆಯ ಮೇಲಿಂದ ಬಾಗಿಲಾಚೆ ದೊಡ್ಡಿಯನ್ನು ನೋಡುತ್ತ ನಿಂತಿದ್ದರು. ಮೇಲಿನ ಗುಂಡಿ ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದು ತುರುಕಬೇಕಾಯಿತು.

ಪಟ್ಟಣದ ಕಚೇರಿಯಲ್ಲಿ ಮೇಲ್ಮನವಿ ಕೇಳಲು ಕೂತಿದ್ದ ಮೂವರಲ್ಲಿ ನಡುವಿನವಳು ಕನ್ನಡಕದ ವಕೀಲೆ, ಮುಖ್ಯಸ್ಥೆ ಅವಳೇ. ಒಂದು ಬದಿಗೆ ಬೇರೊಬ್ಬ ಡಾಕ್ಟರು, ಇನ್ನೊಂದು ಬದಿಗೆ ಬಿಳಿಗಡ್ಡದ ಹಿರಿಯ. ಕೊಲೇಕಾಳನ್ನು ಬಾಗಿಲ ಬಳಿ ಕೂರಿಸಿ, ಮಧ್ಯೆ ಮಾತಾಡಬಾರದು ಎಂದರು. ನೊಸಾಫೊ ಗೋಡೆಗೆ ಆತು ನೆಲದ ಮೇಲೆ ಕೂತಳು.

"ಕುರ್ಚಿ ಇದೆಯಲ್ಲಮ್ಮ" ಎಂದಳು ಮುಖ್ಯಸ್ಥೆ.

"ಇಲ್ಲೇ ಸರಿ, ಅಮ್ಮ."

ಹಿರಿಯನಿಗೆ ಅದನ್ನು ಕಂಡು ಸಂತೋಷವಾಯಿತು. ಮಾವನ ಕಡೆ ತಿರುಗಿ, "ಯಾವ ಕುಲ ನಿಮ್ದು?" ಎಂದು ಕೇಳಿದ. ಭೆಲೆ ಎಂದದ್ದೇ ತಡ, ಆ ಕುಲದ ಹಿರಿಯರ ಹೆಸರುಗಳನ್ನು ಒಂದರ ಹಿಂದೆ ಒಂದರಂತೆ ಹಾಡಿದ ಹಾಗೆ ಹೇಳತೊಡಗಿದ. ಪೂರ್ವಜರ ಹೆಸರು ಹೇಳುವಾಗ ಕೂತಿರುವವರು ಉಂಟೇ? ಮಾವ ಎಡಗೈಯನ್ನು ಮೇಜಿಗೆ ಊರಿ, ಹಲ್ಲು ಕಚ್ಚಿ, ಎದ್ದು ನಿಂತರು. ಹೆಸರು ಮುಗಿಯುವವರೆಗೂ ನಿಂತೇ ಇದ್ದರು. ಡಾಕ್ಟರು ಏನೋ ಬರೆದುಕೊಂಡರು. ಬಾಗಿಲ ಬಳಿ ಕೊಲೇಕಾ ಹಣೆ ಚಚ್ಚಿಕೊಂಡಳು.

ಮುಖ್ಯಸ್ಥೆ ಮಾತ್ರ ಸೂಕ್ಷ್ಮದವಳು. ಅವಳೂ ಯಾವುದೋ ಮನೆಯ ಸೊಸೆಯೇ ಇರಬೇಕು.

"ಕೆಲವು ಸ್ವಂತ ವಿಷಯ ಕೇಳ್ಬೇಕಾಗುತ್ತೆ, ಅಪ್ಪಾಜಿ. ನಿಮ್ಮ ಸೊಸೇನ ಸ್ವಲ್ಪ ಹೊತ್ತು ಆಚೆ ಕೂರಿಸೋಣ್ವಾ? ಆಮೇಲೆ ಅವಳನ್ನ ಒಬ್ಬಳನ್ನೇ ಕೇಳ್ತೀವಿ."

ಮಾವ ಬೆನ್ನು ನೆಟ್ಟಗೆ ಮಾಡಿದರು. "ಯಾಕೆ? ಅವಳು ನನ್ನ ಮನೆ ಮಗಳು. ಆಚೆ ಕೂರಿಸೋವಂಥದ್ದು ಏನಿದೆ?"

ನೊಸಾಫೊ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಇಷ್ಟು ಜನರ ಮುಂದೆ ಮಗಳು ಎಂದರಲ್ಲ. ತಾನೇ ಎದ್ದು ಹೊರಗೆ ಹೋಗಿದ್ದರೆ, ಹೊಟ್ಟೆನೋವೆಂದು ಸುಳ್ಳು ಹೇಳಿಯಾದರೂ ಹೋಗಿದ್ದರೆ ಎಂದು ಆಮೇಲೆ ಅವಳು ಎಷ್ಟು ಸಲ ಕೊರಗಿದಳೋ. ಆ ಗಳಿಗೆಯಲ್ಲಿ ಮಾತ್ರ ಅವಳು ಹಿಗ್ಗಿ ಕೂತಲ್ಲೇ ಕೂತಳು.

"ಸ್ನಾನ ಹೇಗೆ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

"ಆಗುತ್ತೆ" ಎಂದರು ಮಾವ.

"ಬಟ್ಟೆ?"

"ಹಾಕ್ಕೋತೀನಿ."

"ಕೆಲಸ?"

"ಕತ್ತರಿ ಹಿಡಿಯಕ್ಕಾಗಲ್ಲ. ಕತ್ತರಿ ಬಿಟ್ರೆ ನನಗೆ ಬೇರೆ ಏನೂ ಗೊತ್ತಿಲ್ಲ."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟಳು. "ಅಮ್ಮ, ನೀನು ಹೇಳು. ಇವತ್ತು ಬೆಳಿಗ್ಗೆ ಈ ಕೋಟಿನ ಗುಂಡಿ ಹಾಕಿದ್ದು ಯಾರು?"

ಆಡುಗಳಿಗೆ ಹೇಳಿದ್ದ ಮಾತು, ಪಾತ್ರೆಗೆ ಹೇಳಿದ್ದ ಮಾತು, ನಾಲಿಗೆಯ ತುದಿಯಲ್ಲಿತ್ತು. ನೊಸಾಫೊ ಬಾಯಿ ತೆರೆದಳು. ಅಷ್ಟರಲ್ಲಿ ಮಾವನ ಎಡಗೈ ಮೇಜಿನಿಂದ ಮೆಲ್ಲಗೆ ಎದ್ದು ಎದೆಯ ಮೇಲೆ ಹೋಯಿತು, ಮೇಲಿನ ಗುಂಡಿಯನ್ನು ಮುಚ್ಚಿ ನಿಂತಿತು. ಮಾನ ಮುಚ್ಚಿಕೊಳ್ಳುವ ಕೈ ಎಂದುಕೊಂಡಳು ಅವಳು. ಮುಂದೆ ಏನನ್ನೂ ನೋಡದೆ, ಸೊಸೆಯಾದವಳು ಮಾಡಬೇಕಾದ ಹಾಗೆ, ಕಣ್ಣು ನೆಲಕ್ಕೆ ಇಳಿಸಿದಳು.

"ಮಾವನೇ" ಎಂದಳು.

"ಯೋಚನೆ ಮಾಡಿ ಹೇಳು."

"ಮಾವನೇ ಹಾಕ್ಕೊಂಡ್ರು." ಎರಡನೆಯ ಸಲ ಇನ್ನೂ ಸುಲಭವಾಗಿ ಬಂತು.

"ಒಳ್ಳೆ ಮನೆ ಹುಡುಗಿ" ಎಂದು ಹಿರಿಯ ಗಡ್ಡ ನೀವಿಕೊಂಡ. ಅವನಿಗೆ ಎಲ್ಲ ಅರ್ಥವಾಗಿತ್ತೋ, ಏನೂ ಅರ್ಥವಾಗಿರಲಿಲ್ಲವೋ ದೇವರೇ ಬಲ್ಲ. ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೇನೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಕೊಲೇಕಾ, "ಬಯ್ಯಕ್ಕೂ ಬಾಯಿ ಬರ್ತಿಲ್ಲ ನನಗೆ" ಎಂದಷ್ಟೇ ಹೇಳಿ ಮಾವನ ತೋಳು ಹಿಡಿದು ವ್ಯಾನಿಗೆ ಹತ್ತಿಸಿದಳು.

ಮೇಲ್ಮನವಿಯೂ ತಿರಸ್ಕಾರವಾಯಿತು. ಹೊಸದಾಗಿ ಅರ್ಜಿ ಹಾಕಬಹುದು, ಮೊದಲಿನಿಂದ, ಮತ್ತೆ ಡಾಕ್ಟರು, ಮತ್ತೆ ಕಾಯುವುದು ಎಂದು ಕೊಲೇಕಾ ಹೇಳಿದಳು. ಹಾಕಿದಳು ಕೂಡ. ಆದರೆ ಆಸ್ಪತ್ರೆಯ ಹೆಂಗಸು ಹೇಳಿದ್ದ ವರ್ಷ ಯಾರಿಗಾಗಿಯೂ ಕಾಯುವಂಥದ್ದಲ್ಲ. ಹಳ್ಳದ ಬದಿಯ ಮರಗಳಲ್ಲಿ ಹೂ ಬಿಟ್ಟಿತು, ಉಣ್ಣೆ ಕತ್ತರಿಸುವ ಗುಂಪು ಈ ಸಲ ಮಾವನಿಲ್ಲದೆ ಕರೂ ಕಡೆ ಹೊರಟಿತು. ಮಾವನ ಮುಷ್ಟಿ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಬಂತು. ಮೊದಲು ಸಲೀಸಾಗಿ ಬಿಡಿಸಿ ಒರೆಸುತ್ತಿದ್ದ ಬೆರಳುಗಳ ಸಂದಿಗೆ ಈಗ ಬಟ್ಟೆಯ ತುದಿಯನ್ನು ತೂರಿಸಬೇಕಾಗುತ್ತಿತ್ತು. ಉಗುರು ಅಂಗೈಗೆ ಒತ್ತಿ ಹುಣ್ಣಾಗುತ್ತಿತ್ತು.

ಅತ್ತೆ ಯಾರದೋ ಕತ್ತೆಗಾಡಿ ಹತ್ತಿ ಬಂದಳು. ಬಂದವಳು ಅಂಗಳದಲ್ಲೇ ಕೂತು ಬಾಯಿ ಬಿಟ್ಟಳು. "ಗೌರವ ಉಳೀತಲ್ಲ, ಅದನ್ನೇ ಬೇಯಿಸ್ಕೊಂಡು ತಿನ್ನಿ ಮಾವ ಸೊಸೆ ಇಬ್ರೂ." ಆಮೇಲೆ ಮಂಡಿ ತಿಕ್ಕಿಕೊಳ್ಳುತ್ತ ದನಿ ತಗ್ಗಿಸಿದಳು. "ನಾನೇನು ಕಮ್ಮಿ. ನಾನೇ ಮಾಡಿಸ್ತೀನಿ, ನಾನೇ ಮಾಡಿಸ್ತೀನಿ ಅಂತ ಊರೆಲ್ಲ ಕೊಚ್ಕೊಂಡೆ. ನಿನ್ನ ಬಾಯಿಗೆ ಬೀಗ ಹಾಕಿದ್ದು ನಾನೂ ಹೌದು, ಹುಡುಗಿ." ನೊಸಾಫೊ ಅವಳಿಗೆ ಹುಳಿಮಜ್ಜಿಗೆ ತಂದುಕೊಟ್ಟಳು. ಅವಳು ಕುಡಿಯದೆ ಲೋಟ ಹಿಡಿದುಕೊಂಡೇ ಕೂತಿದ್ದಳು.

ಸ್ನಾನದ ಹೊತ್ತಿನಲ್ಲಿ ಮಾವ ಈಗ ಕುರಿಯ ಮಾತು ಆಡುತ್ತಿರಲಿಲ್ಲ. ಗೋಡೆ ಸುಮ್ಮನಿತ್ತು. ಒಂದು ಸಂಜೆ, ಅವಳು ಬೆನ್ನು ಒರೆಸುತ್ತಿದ್ದಾಗ, ಅವರು ಇದ್ದಕ್ಕಿದ್ದಂತೆ ಹೇಳಿದರು: "ಆವತ್ತು ನಿನ್ನ ಆಚೆ ಕಳಿಸ್ಬೇಕಿತ್ತು ನಾನು."

ನಿನ್ನ ಎಂದರು. ಈ ಮಾತು ಗೋಡೆಗಲ್ಲ. ಅವಳ ಕೈ ನಿಂತಿತು.

"ನಾನು ಹೇಳ್ಬೇಕಿತ್ತು ಮಾವ. ಹೇಳಕ್ಕೇ ಬಾಯಿ ತೆಗೆದಿದ್ದೆ. ನೀವು ಗುಂಡಿ ಮೇಲೆ ಕೈ ಇಟ್ರಿ. ಹೇಳ್ಬೇಡ ಅಂತ ಕೇಳ್ಕೊಳ್ತಿದ್ದೀರಿ ಅಂದ್ಕೊಂಡೆ."

ಮಾವನ ಎಡಗೈ ಎದೆಯ ಮೇಲೆ, ಗುಂಡಿ ಇರಬೇಕಾದ ಜಾಗಕ್ಕೆ ಹೋಯಿತು.

"ಬಿಚ್ಚಕ್ಕೆ ನೋಡ್ತಿದ್ದೆ, ಮಗಳೇ" ಎಂದರು. "ಬಾಯಲ್ಲಿ ಹೇಳಕ್ಕೆ ನನ್ನಿಂದ ಆಗ್ಲಿಲ್ಲ. ಎಡಗೈಲಿ ಬಿಚ್ಚಕ್ಕಾಗಲ್ಲ ಅಂತ ಅವರೇ ನೋಡ್ಲಿ ಅಂತ, ಆ ಗುಂಡಿ ಜೊತೆ ಒದ್ದಾಡ್ತಿದ್ದೆ. ನೀನು ನೋಡ್ತೀಯ ಅಂದ್ಕೊಂಡೆ. ನೀನು ಮಾತಾಡಿದ ತಕ್ಷಣ ಎಲ್ರೂ ನಿನ್ನ ಕಡೆ ತಿರುಗಿಬಿಟ್ರು."

ನೊಸಾಫೊ ಬಟ್ಟೆಯನ್ನು ನೀರಿಗೆ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಒಂದೇ ಒಂದು ಸಲ ಕಣ್ಣೆತ್ತಿದ್ದರೆ ಸಾಕಿತ್ತು. ಅಷ್ಟು ಮಾಡಿದ್ದರೆ ಯಾವ ಪೂರ್ವಜರು ಏನು ಕೇಳುತ್ತಿದ್ದರು? ಅವಳ ಕಣ್ಣಿಂದ ನೀರು ಬೇಸಿನ್ನಿಗೇ ಬೀಳುತ್ತಿತ್ತು. ಕೊಲೇಕಾ ಕಲಿಸಿದ್ದ ಮಾತನ್ನು ಅವಳು ಆಗ ಆ ಬೆನ್ನಿಗೆ ಹೇಳಿದಳು, ನೆಲಕ್ಕಲ್ಲ, ಪಾತ್ರೆಗಲ್ಲ.

"ಮಾವನಿಗೆ ಸ್ನಾನ ಮಾಡಿಸೋದು ನಾನು. ಬಟ್ಟೆ ಹಾಕೋದೂ ನಾನೇ."

"ಹೌದು" ಎಂದರು ಮಾವ.

ಆಮೇಲೆ ಅವರು ಗೋಡೆಯಿಂದ ಈಚೆಗೆ ಹೊರಳಿದರು. ಲಕ್ವ ಹೊಡೆದ ಮೇಲೆ ಮೊದಲ ಸಲ ಸ್ನಾನದ ಹೊತ್ತಿನಲ್ಲಿ ಅವರ ಮುಖ ಅವಳ ಕಡೆಗಿತ್ತು, ಅವಳೂ ನೋಡಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಅವರು ಅವಳ ಮುಂದೆ ಹಿಡಿದರು.

"ಈ ಬೆರಳು ಬಿಡಿಸಿ ನೋಡು. ನಿಧಾನ. ಆತುರಪಡಬೇಡ."

ಅವಳು ಹೆಬ್ಬೆರಳಿನಿಂದ ಶುರು ಮಾಡಿದಳು. ಬಿಸಿನೀರಿನ ಬಟ್ಟೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಬೇಸಿನ್ನಿನ ನೀರು ತಣ್ಣಗಾಗುವವರೆಗೂ ಪ್ರಯತ್ನ ಮಾಡಿದಳು. ಒಂದು ಬೆರಳೂ ಬಿಚ್ಚಿಕೊಳ್ಳಲಿಲ್ಲ.